ಬೀಡಿ ನಿಂತರೆ ನಮ್ಮ ಅಮ್ಮಂದಿರಿಗೆ ಊರಲ್ಲೇ ಯಾವ ಕೆಲಸ?

ಕಾರ್ಕಳ ಕಡೆಯವಳು

ನಮ್ಮ ಮನೆಯ ಜಗಲಿಯಲ್ಲಿ ಒಂದು ಮೂಲೆ ಉಂಟು. ಅಲ್ಲಿ ಗೋಡೆಗೆ ಒರಗಿ ಕೂತು ಅಮ್ಮ 31 ವರ್ಷ ಬೀಡಿ ಕಟ್ಟಿದ್ದಾರೆ. ಸುಣ್ಣದ ಮೇಲೆ ಅವರ ಬೆನ್ನಿನ ಗುರುತು ಹಾಗೇ ಇದೆ. ನನ್ನ ಡಿಗ್ರಿ ಫೀಸು, ಅಕ್ಕನ ಮದುವೆಯ ಬಂಗಾರ, ಮಾಡಿಗೆ ಹಾಕಿದ ಹಂಚು, ಎಲ್ಲ ಆ ಮೂಲೆಯಿಂದ ಬಂದದ್ದು.

ಹೋದ ತಿಂಗಳಿಂದ ಬೀಡಿ ಕಂಪನಿಯ ಬ್ರಾಂಚಿನಲ್ಲಿ ವಾರಕ್ಕೆ ಮೂರು ದಿನದ ಎಲೆ ಮಾತ್ರ ಕೊಡುತ್ತಿದ್ದಾರೆ. ಬೀಡಿ ಸೇದುವವರು ಕಮ್ಮಿಯಾಗುತ್ತಿದ್ದಾರೆ. ಅದು ಒಳ್ಳೆಯದೇ, ನನಗೆ ಅದರಲ್ಲಿ ಎರಡು ಮಾತಿಲ್ಲ. ಹೊಗೆಸೊಪ್ಪಿನ ಪುಡಿಯಿಂದ ಅಮ್ಮನಿಗೂ ಕೆಮ್ಮು ಬಿಟ್ಟಿಲ್ಲ. ಆದರೆ ದಕ್ಷಿಣ ಕನ್ನಡ, ಉಡುಪಿಯ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಮನೆಗಳ ವಾರದ ಸಂತೆ ಈ ದುಡ್ಡಿನ ಮೇಲೆ ನಿಂತಿದೆ. ಐವತ್ತು ದಾಟಿದ, ಏಳನೇ ಕ್ಲಾಸು ಓದಿದ ಹೆಂಗಸಿಗೆ ಇನ್ನು ಯಾವ ಕೆಲಸ? ಇದನ್ನು ಸರ್ಕಾರದ ಕಡೆಯಿಂದ ಯಾರಾದರೂ ಗಟ್ಟಿಯಾಗಿ ಕೇಳಿಕೊಂಡಿದ್ದಾರಾ?

'ಸ್ವಉದ್ಯೋಗ ಮಾಡಿ' ಎನ್ನುತ್ತಾರೆ. ಎರಡು ವರ್ಷದ ಹಿಂದೆ ನಮ್ಮ ಸಂಘದ 12 ಜನಕ್ಕೆ ಹೊಲಿಗೆ ತರಬೇತಿ ಆಯಿತು. ಸರ್ಟಿಫಿಕೇಟ್ ಕೊಟ್ಟರು, ಫೋಟೋ ತೆಗೆದರು. ಈಗ ಮೆಷಿನ್ ಓಡಿಸುವವರು ಇಬ್ಬರು. ಉಳಿದವರ ಮೇಲೆ ಸೋಮಾರಿಗಳು ಎಂಬ ಮಾತು ಬಂತು. ಅದು ನನಗೆ ತುಂಬ ನೋವು ಕೊಟ್ಟಿತು. ಒಂದು ಊರಿಗೆ ಎಷ್ಟು ಟೈಲರ್ ಬೇಕು ಹೇಳಿ?

ಅಮ್ಮನ ಹತ್ತಿರ ಕೇಳಿದೆ, ಬೀಡಿಯಲ್ಲಿ ಎಂತ ಸುಖ ಇತ್ತು ಅಂತ. ಅವರು ಹೇಳಿದ್ದು ಇಷ್ಟು: 'ಎಲೆ ಅವರದು, ಹೊಗೆಸೊಪ್ಪು ಅವರದು, ಕಟ್ಟಿದ್ದನ್ನು ತೆಗೆದುಕೊಳ್ಳುವವರೂ ಅವರೇ. ನಾನು ಸಾಲ ಮಾಡಲಿಲ್ಲ. ಅನ್ನಕ್ಕೆ ಇಟ್ಟು ಬಂದು ಕಟ್ಟುತ್ತಿದ್ದೆ.' ಆಮೇಲೆ ಯೋಚನೆ ಮಾಡಿದೆ. ನಮ್ಮ ಯೋಜನೆಗಳೆಲ್ಲ ಇದನ್ನು ತಲೆಕೆಳಗು ಮಾಡುತ್ತವೆ. ಸಾಲ ಹೆಂಗಸಿನದ್ದು, ಮಾಲು ಹೆಂಗಸಿನದ್ದು, ಮಾರುವ ತಲೆಬಿಸಿಯೂ ಹೆಂಗಸಿನದ್ದೇ. ಕೊಳ್ಳುವವರನ್ನು ಮೊದಲು ಗೊತ್ತು ಮಾಡಿ, ಆಮೇಲೆ ತರಬೇತಿ ಕೊಡುವ ಯೋಜನೆ ಯಾಕಿಲ್ಲ? ತಿಳಿದವರು ಬರೆಯಿರಿ.

ನಿವೃತ್ತ ಬ್ಯಾಂಕಿನವ, ಉಡುಪಿ

ಮಗಳೇ, ನಿಮ್ಮ ತಾಯಿ ಹೇಳಿದ ಮಾತನ್ನು ನಾನು ಬ್ಯಾಂಕಿನ ಎಷ್ಟೋ ಮೀಟಿಂಗಿನಲ್ಲಿ ಕೇಳಬೇಕಿತ್ತು. ಕೇಳಲಿಲ್ಲ.

ನಮ್ಮ ಜಿಲ್ಲೆಗಳಿಗೆ ಇದು ಹೊಸ ವಿಷಯ ಅಲ್ಲ. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದೇ ಕೈಮಗ್ಗದ ನೇಕಾರರು ಕಷ್ಟಕ್ಕೆ ಬಿದ್ದಾಗ. 1928ರಲ್ಲಿ ಪಿಗ್ಮಿ ಎಂಬ ಸಣ್ಣ ಉಳಿತಾಯ ಶುರುವಾಯಿತು. ದಿನಕ್ಕೆ ಎರಡಾಣೆಯನ್ನು ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಜನ ಬ್ಯಾಂಕಿಗೆ ಹೋಗಲಿಲ್ಲ, ಬ್ಯಾಂಕೇ ಜಗಲಿಗೆ ಬಂತು. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಶುರುವಾದಾಗ ಅದರ ಹಿಂದೆ ಧರ್ಮಸ್ಥಳ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂರೂ ಇದ್ದವು. ಊಟ, ವಸತಿ, ತರಬೇತಿ ಉಚಿತ. ಮುಖ್ಯ ವಿಷಯ ಬೇರೆ ಉಂಟು: ತರಬೇತಿ ಕೆಲವೇ ವಾರ, ಬೆನ್ನಿಗೆ ನಿಲ್ಲುವುದು ಎರಡು ವರ್ಷ. ಈ ಮಾದರಿಯನ್ನು ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಗೆ ತೆಗೆದುಕೊಂಡು ಹೋಯಿತು. ಈಗ ಜಿಲ್ಲೆಗಳಲ್ಲಿರುವ ಆರ್‌ಸೆಟಿ ತರಬೇತಿ ಕೇಂದ್ರ ಅಂದರೆ ನಮ್ಮ ಉಜಿರೆಯದೇ ಬಳ್ಳಿ.

ಆದರೆ ಆ ಎರಡು ವರ್ಷದ ಬೆನ್ನಾಸರೆ ಎಲ್ಲ ಕಡೆ ಉಳಿದಿಲ್ಲ. ಎಷ್ಟು ಜನಕ್ಕೆ ತರಬೇತಿ ಆಯಿತು ಎಂಬ ಲೆಕ್ಕ ಮೇಲೆ ಹೋಗುತ್ತದೆ. ಮೂರನೇ ವರ್ಷ ಎಷ್ಟು ಜನ ದುಡಿಯುತ್ತಿದ್ದಾರೆ ಎಂಬುದಕ್ಕೆ ಅಷ್ಟು ತೂಕ ಇಲ್ಲ. ಸಾಲಕ್ಕೂ ಹಾಗೇ. ಸ್ವಉದ್ಯೋಗಕ್ಕೆ ಸಾಲ ಕೊಡಿಸುವ ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ ಹಳ್ಳಿಯ ಹೆಂಗಸರಿಗೆ ಯೋಜನಾ ವೆಚ್ಚದ ಶೇ. 35 ಸಬ್ಸಿಡಿ ಉಂಟು, ಕೈಯಿಂದ ಹಾಕಬೇಕಾದದ್ದು ಶೇ. 5 ಮಾತ್ರ. ಕಾಗದದಲ್ಲಿ ಒಳ್ಳೆಯ ಯೋಜನೆ. ಆದರೆ ಮ್ಯಾನೇಜರ್ 'ಮಾಲು ಯಾರು ಕೊಳ್ಳುತ್ತಾರೆ' ಅಂತ ಕೇಳಿದಾಗ ಹೆಂಗಸಿನ ಹತ್ತಿರ ಉತ್ತರ ಇರುವುದಿಲ್ಲ. ಮ್ಯಾನೇಜರದ್ದೂ ತಪ್ಪಲ್ಲ.

ಕೊಳ್ಳುವವರು ಗಟ್ಟಿ ಇದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕ್ಯಾಂಪ್ಕೋ ನೋಡಿ. ಅಡಿಕೆ ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಬೆಳೆಗಾರರೇ ಸೇರಿ ಕಟ್ಟಿದ ಸಹಕಾರ ಸಂಸ್ಥೆ ಅದು. ಮುಂದೆ ಕೊಕ್ಕೋ ಕೊಳ್ಳುವವರು ಹಿಂದೆ ಸರಿದಾಗ ಅದನ್ನೂ ಕೊಂಡರು. 1986ಕ್ಕೆ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿಯೇ ಆಯಿತು.

ಬೆಳ್ತಂಗಡಿ ತಾಲ್ಲೂಕಿನ ಪಂಚಾಯತ್ ಸದಸ್ಯ

ಉದ್ಯೋಗ ಖಾತ್ರಿ ಇರುವಾಗ ಇದೆಲ್ಲ ಯಾಕೆ ಅಂತ ಕೆಲವರು ಕೇಳಬಹುದು. ಅದಕ್ಕೆ ಮೊದಲೇ ಬರೆಯುತ್ತೇನೆ.

2005ರ ಕಾಯ್ದೆಯಲ್ಲಿ ವರ್ಷಕ್ಕೆ 100 ದಿನ ಕೆಲಸ. 2025–26ಕ್ಕೆ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ. ಬಯಲುಸೀಮೆಯಲ್ಲಿ ಬರಗಾಲದ ವರ್ಷ ಅದು ಜನರ ಜೀವ ಹಿಡಿದಿದೆ, ಸಣ್ಣ ಮಾತಲ್ಲ. ಆದರೆ ನಮ್ಮ ಊರಿನಲ್ಲಿ ತೋಟದ ಕೆಲಸಕ್ಕೆ ಗಂಡಾಳಿಗೆ ಅದರ ಎರಡರಷ್ಟಕ್ಕಿಂತ ಜಾಸ್ತಿ ಕೊಡಬೇಕು. ಮದ್ದು ಬಿಡಲು ಅಡಿಕೆ ಮರ ಹತ್ತುವವರ ಸಂಬಳ ಇನ್ನೂ ಮೇಲೆ. ಹಾಗಾಗಿ ಖಾತ್ರಿ ಕೆಲಸಕ್ಕೆ ಗಂಡಸರು ಬರುವುದು ಕಮ್ಮಿ. ನಮ್ಮಲ್ಲಿ ಅದು ನಡೆದದ್ದು ಬಾವಿ, ದನದ ಕೊಟ್ಟಿಗೆ, ತೋಟದ ಗುಂಡಿ ತೆಗೆಯುವುದು, ಇಂಥ ಸ್ವಂತ ಕಾಮಗಾರಿಯಲ್ಲಿ. ಅದರಿಂದ ತುಂಬ ಮನೆಗೆ ಉಪಕಾರ ಆಗಿದೆ. ಆದರೆ ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೋ ಹಾಜರಿ ಹಾಕಬೇಕು. ಘಟ್ಟದ ಬುಡದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ದುಡಿದವರ ಹಾಜರಿ ಬೀಳದೆ ಹೋದಾಗ ಬೈಸಿಕೊಂಡವನು ನಾನು.

2025ರ ಡಿಸೆಂಬರಿನಲ್ಲಿ ಇದರ ಜಾಗಕ್ಕೆ ಹೊಸ ಕಾಯ್ದೆ ಬಂತು. 125 ದಿನ ಎನ್ನುತ್ತದೆ, ಖರ್ಚಿನಲ್ಲಿ ರಾಜ್ಯದ ಪಾಲು ಶೇ. 40. ದಿನ ಎಷ್ಟಾದರೂ ನಮ್ಮ ಕಡೆಯ ಪ್ರಶ್ನೆ ಹಾಗೇ ಉಳಿಯುತ್ತದೆ. ಬೀಡಿ ಕಟ್ಟಿ ಬೆನ್ನು ಬಾಗಿದ ಅಮ್ಮನಿಗೆ ಹಾರೆ ಕೊಟ್ಟು ಗುಂಡಿ ತೋಡಿ ಅನ್ನಲು ಆಗುತ್ತದಾ?

ಇನ್ನೊಂದು. ಜಿಲ್ಲಾ ಪಂಚಾಯತ್, ತಾಲ್ಲೂಕು ಪಂಚಾಯತ್ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ. ಜಿಲ್ಲೆಗೆ ಯಾವ ಉದ್ಯೋಗ ನೀತಿ ಬೇಕು ಅಂತ ಕೂತು ಮಾತಾಡಬೇಕಾದ ಮನೆಯೇ ಖಾಲಿ. ಇದನ್ನು ನಾವು ಇಷ್ಟು ಸುಲಭವಾಗಿ ಸಹಿಸಿಕೊಂಡದ್ದು ನನಗೆ ಬೇಸರ.

ಹಪ್ಪಳದ ಅಕ್ಕ, ಪುತ್ತೂರು

ನಾನು ಸ್ವಉದ್ಯೋಗ ಮಾಡಿದವಳು. ನನ್ನ ಕಥೆ ಸ್ವಲ್ಪ ಉದ್ದ ಉಂಟು, ತಾಳ್ಮೆಯಿಂದ ಓದಿ.

ಏಳು ವರ್ಷದ ಹಿಂದೆ ಹಲಸಿನ ಹಪ್ಪಳ ಶುರು ಮಾಡಿದೆ. ಜೊತೆಗೆ ನಾಲ್ಕು ಜನ. ಎಲ್ಲರೂ ಮೊದಲು ಬೀಡಿ ಕಟ್ಟಿದವರೇ. ಬೆರಳಿನಲ್ಲಿ ಆ ಹದ ಇತ್ತು, ಒಂದೇ ದಪ್ಪಕ್ಕೆ ಒತ್ತುತ್ತಿದ್ದರು. ಹಲಸಿಗೆ ದುಡ್ಡಿಲ್ಲ, ಗುಡ್ಡೆಯಲ್ಲಿ ಬಿದ್ದು ಕೊಳೆಯುತ್ತಿತ್ತು. ಮೊದಲ ವರ್ಷ ಏಪ್ರಿಲ್, ಮೇ ಎರಡು ತಿಂಗಳು ಒಳ್ಳೆ ಕೆಲಸ ಆಯಿತು. ಜೂನ್ ಒಂದಕ್ಕೆ ಮಳೆ ಹಿಡಿಯಿತು. ಹಲಸು ಮರದಲ್ಲಿ ಇನ್ನೂ ಉಂಟು, ಬಿಸಿಲಿಲ್ಲ. ಕೆಲಸ ನಿಂತಿತು.

ಒಣಗಿಸುವ ಮೆಷಿನ್ ತೆಗೆದುಕೊಂಡರೆ ಆಗುತ್ತದೆ ಅಂತ ಹೇಳಿದರು. ಸಣ್ಣ ಆಹಾರ ಘಟಕಗಳಿಗೆ ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35 ಸಬ್ಸಿಡಿ, ಮೇಲೆ ನಮ್ಮ ರಾಜ್ಯದ ಶೇ. 15. ಅರ್ಧ ದುಡ್ಡು ಸರ್ಕಾರದ್ದು. ಅರ್ಜಿ ತುಂಬಿಸಲು ಬಂದ ಹುಡುಗ ತುಂಬ ಸಹಾಯ ಮಾಡಿದ. ಸಾಲವೂ ಸಿಕ್ಕಿತು. ಮತ್ತೆ ಸಿಕ್ಕಿಹಾಕಿಕೊಂಡದ್ದು ಎಲ್ಲಿ ಗೊತ್ತುಂಟಾ? ಮೆಷಿನ್ ಇಟ್ಟ ಕೊಟ್ಟಿಗೆಗೆ ಡೋರ್ ನಂಬರ್ ಇಲ್ಲ. ಜಾಗ ಕೃಷಿ ಭೂಮಿ, ಕನ್ವರ್ಷನ್ ಆಗಬೇಕು. ಅದರ ಪಕ್ಕದ್ದು ಕುಮ್ಕಿ, ಅಂದರೆ ಪಟ್ಟಾ ಜಾಗಕ್ಕೆ ತಾಗಿದ ಸರ್ಕಾರಿ ಜಾಗ. ನಂಬರ್ ಇಲ್ಲದೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇಲ್ಲದೆ ತ್ರೀ ಫೇಸ್ ಕರೆಂಟ್ ಇಲ್ಲ. 14 ತಿಂಗಳು ಓಡಾಡಿದೆ. ಮೆಷಿನ್ ಪ್ಲಾಸ್ಟಿಕ್ ಹೊದ್ದು ಕೂತಿತ್ತು, ಬಡ್ಡಿ ಮಾತ್ರ ದಿನಾ ದುಡಿಯುತ್ತಿತ್ತು.

ಆಮೇಲೆ ಬೆಂಗಳೂರಿನ ಒಂದು ದೊಡ್ಡ ಅಂಗಡಿಯವರು ಆರ್ಡರ್ ಕೊಟ್ಟರು. ಖುಷಿಯಾಯಿತು. ದುಡ್ಡು ಬಂದದ್ದು 90 ದಿನದ ಮೇಲೆ. ನನ್ನ ಜೊತೆಯವರಿಗೆ ಶನಿವಾರ ಸಂಬಳ ಕೊಡಬೇಕಲ್ವಾ? ಬಳೆ ಅಡವಿಟ್ಟೆ. ಇಬ್ಬರು ಮತ್ತೆ ಬೀಡಿಗೆ ಹೋದರು. 'ಅಕ್ಕ, ಅಲ್ಲಿ ವಾರಕ್ಕೆ ದುಡ್ಡು ಬರುತ್ತದೆ' ಅಂದರು. ನಾನು ಅವರನ್ನು ತಡೆಯಲಿಲ್ಲ.

ಈಗ ಪರವಾಗಿಲ್ಲ, ಆರು ಜನ ಇದ್ದೇವೆ. ಆದರೆ ನಮ್ಮನ್ನು ಉಳಿಸಿದ್ದು ಆ ಬೆಂಗಳೂರಿನ ಆರ್ಡರ್ ಅಲ್ಲ. ಇಲ್ಲೇ ಹತ್ತು ಕಿಲೋಮೀಟರ್ ಒಳಗಿನ ಎರಡು ಕಲ್ಯಾಣ ಮಂಟಪ, ಒಂದು ಕಾಲೇಜು ಹಾಸ್ಟೆಲ್. ವಾರ ವಾರ ತೆಗೆದುಕೊಳ್ಳುತ್ತಾರೆ, ಕೈಯಲ್ಲೇ ದುಡ್ಡು ಕೊಡುತ್ತಾರೆ. ಸರ್ಕಾರಿ ಹಾಸ್ಟೆಲ್‌ಗೆ ಕೊಡಲು ಕೇಳಿದೆ. ಟೆಂಡರ್ ಹಾಕಿ ಅಂದರು. ಠೇವಣಿ ಬೇಕು, ಮೂರು ವರ್ಷದ ದೊಡ್ಡ ವಹಿವಾಟು ತೋರಿಸಬೇಕು. ಆರು ಜನ ಹೆಂಗಸರು ಎಲ್ಲಿಂದ ತೋರಿಸುವುದು?

ನನ್ನನ್ನು ಕೇಳಿದರೆ ನೀತಿ ಅಂದರೆ ಇಷ್ಟೇ. ಪಂಚಾಯತಿಗೊಂದು ಶೆಡ್ ಕಟ್ಟಿ. ನಂಬರ್, ಕರೆಂಟು, ನೀರು ಎಲ್ಲ ಮೊದಲೇ ಇರಲಿ. ನಾವು ಬಾಡಿಗೆ ಕೊಡುತ್ತೇವೆ. ಊರಿನ ಹಾಸ್ಟೆಲು, ಅಂಗನವಾಡಿ, ಆಸ್ಪತ್ರೆಗೆ ಬೇಕಾದದ್ದರಲ್ಲಿ ಒಂದು ಪಾಲು ನಮ್ಮಿಂದ ಕೊಳ್ಳಿ.

ಬೆಂಗಳೂರಿನಲ್ಲಿರುವ ಮೂಡುಬಿದಿರೆಯವ

ಹಪ್ಪಳದ ಅಕ್ಕನಿಗೆ ನಮಸ್ಕಾರ. ಆದರೆ ನನಗೆ ಸ್ವಲ್ಪ ಬೇರೆ ಅಭಿಪ್ರಾಯ ಉಂಟು.

ಹಪ್ಪಳ, ಉಪ್ಪಿನಕಾಯಿ ಇಟ್ಟುಕೊಂಡು ಹಳ್ಳಿ ಉದ್ಧಾರ ಆಗುವುದಿಲ್ಲ. ನಮ್ಮ ಎರಡು ಜಿಲ್ಲೆಯಲ್ಲಿ ಓದಿದ ಮಕ್ಕಳು ಎಷ್ಟಿದ್ದಾರೆ ನೋಡಿ. ಎಲ್ಲರೂ ಬೆಂಗಳೂರು, ಮುಂಬೈ, ಗಲ್ಫ್. ಬೆಂಗಳೂರಿನ ಹೊರಗೆ ಐಟಿ ಬೆಳೆಸುವ ನೀತಿಯಲ್ಲಿ ಮಂಗಳೂರಿಗೆ ಒಳ್ಳೆಯ ಜಾಗ ಉಂಟು. ಸುರತ್ಕಲ್‌ನಲ್ಲಿ ಎನ್‌ಐಟಿಕೆ, ಬಜ್ಪೆಯಲ್ಲಿ ಏರ್‌ಪೋರ್ಟ್, ಪಣಂಬೂರಿನಲ್ಲಿ ಬಂದರು. ಕಂಪನಿಗಳು ಮಂಗಳೂರಿಗೆ ಬಂದು, ಆಮೇಲೆ ಮೂಡುಬಿದಿರೆ, ಕಾರ್ಕಳ, ಕುಂದಾಪುರಕ್ಕೆ ಸಣ್ಣ ಆಫೀಸು ಬಂದರೆ ನಾನು ನಾಳೆಯೇ ಊರಿಗೆ ಬರುತ್ತೇನೆ. ನನ್ನ ಅಮ್ಮನೂ ಬೀಡಿ ಕಟ್ಟಿಯೇ ನನ್ನನ್ನು ಇಂಜಿನಿಯರಿಂಗ್ ಓದಿಸಿದ್ದು. ಈಗ ಮನೆಯಲ್ಲಿ ಒಬ್ಬರೇ ಇದ್ದಾರೆ. ರಾತ್ರಿ ಜ್ವರ ಬಂದರೆ ನೀರು ಕೊಡಲು ಜನ ಇಲ್ಲ.

ಕಾರ್ಕಳ ಕಡೆಯವಳು

ಅಣ್ಣ, ನೀವು ಹೇಳಿದ ಆಫೀಸು ಖಂಡಿತ ಬರಬೇಕು. ಆದರೆ ಅದು ನಿಮಗೆ ಕೆಲಸ, ನಿಮ್ಮ ಅಮ್ಮನಿಗಲ್ಲ. ಇದನ್ನು ಬೇರೆ ಬೇರೆ ಇಟ್ಟು ಮಾತಾಡೋಣ.

ನಿಮ್ಮ ಕೊನೆಯ ಸಾಲು ಓದಿ ನನಗೆ ಇನ್ನೊಂದು ಹೊಳೆಯಿತು. ನಮ್ಮ ವಾರ್ಡಿನಲ್ಲೇ ಹನ್ನೊಂದು ಮನೆಯಲ್ಲಿ ವಯಸ್ಸಾದವರು ಮಾತ್ರ ಇದ್ದಾರೆ. ಮಕ್ಕಳು ದೂರದಿಂದ ದುಡ್ಡು ಕಳಿಸುತ್ತಾರೆ. ನೋಡಿಕೊಳ್ಳುವವರಿಗೆ ತಿಂಗಳಿಗೆ ಎಷ್ಟು ಬೇಕಾದರೂ ಕೊಡುತ್ತೇವೆ ಅನ್ನುತ್ತಾರೆ, ನಂಬಿಗಸ್ತರು ಸಿಗುವುದಿಲ್ಲ. ಇಲ್ಲಿ ಕೊಳ್ಳುವವರು ಮೊದಲೇ ಇದ್ದಾರೆ! ಬಿಪಿ, ಶುಗರ್ ನೋಡಲು, ಮಲಗಿದವರನ್ನು ಮಗ್ಗುಲು ಬದಲಿಸಲು, ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಲು ಕಲಿಸಿ, ಸಂಜೀವಿನಿ ಒಕ್ಕೂಟದ (ಹೆಂಗಸರ ಸ್ವಸಹಾಯ ಸಂಘಗಳ ಒಕ್ಕೂಟ) ಮೂಲಕ ಕಳಿಸಿದರೆ? ಸಂಬಳ ಒಕ್ಕೂಟಕ್ಕೆ ಬರಲಿ. ಆಗ ಹೆಂಗಸಿಗೂ ಭದ್ರತೆ, ಮನೆಯವರಿಗೂ ಧೈರ್ಯ.

ಒಕ್ಕೂಟದಿಂದ ಆಗುವುದಿಲ್ಲ ಅನ್ನುವವರು ನಮ್ಮ ನಿಟ್ಟೆಗೆ ಬಂದು ನೋಡಿ. ಸುತ್ತಲಿನ ಪಂಚಾಯತ್‌ಗಳ ಒಣಕಸ ಬಂದು ಸೇರುವ ಘಟಕ ಅಲ್ಲಿದೆ, ದಿನಕ್ಕೆ 10 ಟನ್ ಸಾಮರ್ಥ್ಯದ್ದು. ಊರೂರಲ್ಲಿ ಕಸದ ಗಾಡಿ ಓಡಿಸುವುದು ಈಗ ಹೆಂಗಸರೇ. ಮನೆ ಮನೆಯಿಂದ ತಿಂಗಳ ಶುಲ್ಕ ಬರುತ್ತದೆ, ಬೇರೆ ಮಾಡಿದ ಪ್ಲಾಸ್ಟಿಕ್, ರಟ್ಟಿಗೂ ದುಡ್ಡುಂಟು. ನನ್ನ ಚಿಕ್ಕಮ್ಮ 43ನೇ ವಯಸ್ಸಿನಲ್ಲಿ ಗಾಡಿ ಕಲಿತರು. ಮೊದಲ ದಿನ ಅವರು ಗೇರ್ ಹಾಕಿ ನಮ್ಮ ಮನೆ ಮುಂದೆ ಹೋದಾಗ ಅಮ್ಮ ಬೀಡಿಯ ತಡ್ಪೆ (ಮೊರ) ಕೆಳಗಿಟ್ಟು ಎದ್ದು ನಿಂತು ನೋಡಿದರು.

ಶಿರ್ವದ ಮಲ್ಲಿಗೆ ಮನೆ

ನಮ್ಮಲ್ಲಿ ಮಲ್ಲಿಗೆ ಉಂಟು. ಶಂಕರಪುರ ಮಲ್ಲಿಗೆ ಅಂತ ಹೆಸರಾದದ್ದು, ಉಡುಪಿ ಮಲ್ಲಿಗೆ ಹೆಸರಿನಲ್ಲಿ ಜಿಐ ಗುರುತೂ ಬಂದಿದೆ. ಹತ್ತು ಸೆಂಟ್ಸ್ ಜಾಗ ಇದ್ದರೂ ಸಾಕು, ಕೆಲವರು ತಾರಸಿಯಲ್ಲೂ ಬೆಳೆಸುತ್ತಾರೆ. ಬೆಳಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವಿನ ಕಟ್ಟೆಯಲ್ಲಿ ದಿನಾ ದರ ಹೇಳುತ್ತಾರೆ, ಹೂ ಒಯ್ಯುವವರು ಊರಿಗೇ ಬರುತ್ತಾರೆ. ಕಾರ್ಕಳದ ತಂಗಿ ಹೇಳಿದ ಹಾಗೆ, ಕೊಳ್ಳುವವರು ಇರುವ ಕಾರಣಕ್ಕೇ ಇದು ಇಷ್ಟು ವರ್ಷ ಉಳಿದದ್ದು.

ಮದುವೆ ಸೀಸನ್ನಿನಲ್ಲಿ ಅಟ್ಟೆಗೆ 2,100 ರೂಪಾಯಿ ತನಕ ನೋಡಿದ್ದೇವೆ. ಕೆಲವು ದಿನ ನಾರಿನ ಖರ್ಚೂ ಹುಟ್ಟುವುದಿಲ್ಲ. ಮಳೆಗಾಲದಲ್ಲಿ ಗಿಡಕ್ಕೆ ರೋಗ. ಬೆಲೆ ಬಿದ್ದ ದಿನಕ್ಕೆ ಒಂದು ಆಸರೆ ಬೇಕು. ಹಾಲಿಗೆ ಸರ್ಕಾರ ಲೀಟರಿಗೆ 5 ರೂಪಾಯಿ ಕೊಡುತ್ತದಲ್ಲ, ಹೂವಿಗೂ ಹಾಗೆ ಏನಾದರೂ ಯೋಚನೆ ಮಾಡಬಹುದು.

ಬ್ರಹ್ಮಾವರದ ಗದ್ದೆಯವ

ಕೊಳ್ಳುವವರ ಮಾತು ಬಂದದ್ದಕ್ಕೆ ನಾನೂ ಹೇಳುತ್ತೇನೆ. ನಾವು ಉಣ್ಣುವುದು ಕುಚ್ಚಲಕ್ಕಿ. ಗದ್ದೆಯಲ್ಲಿ ಬೆಳೆಯುವುದು ಎಂಒ-4 ಎಂಬ ಭತ್ತದ ತಳಿ, ಅದೂ ಕುಚ್ಚಲಕ್ಕಿಗೆ ಒಳ್ಳೆಯದು. ರೇಷನ್ ಅಂಗಡಿಯಲ್ಲಿ ನಮ್ಮದೇ ಕುಚ್ಚಲಕ್ಕಿ ಸಿಗಬೇಕು ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ. ನಮ್ಮ ಕೊಯ್ಲು ಅಕ್ಟೋಬರಿಗೆ. ಬೆಂಬಲ ಬೆಲೆಯ ಖರೀದಿ ಶುರುವಾಗುವ ಹೊತ್ತಿಗೆ ಭತ್ತ ಮಿಲ್ಲಿಗೆ ಹೋಗಿ ಆಗಿರುತ್ತದೆ. ಒದ್ದೆ ಭತ್ತ ಇಟ್ಟುಕೊಳ್ಳಲು ಸಣ್ಣ ರೈತನ ಮನೆಯಲ್ಲಿ ಜಾಗ ಎಲ್ಲಿ?

2021ರಲ್ಲಿ ಉಡುಪಿಯಲ್ಲಿ ಹಡಿಲು (ಪಾಳು) ಬಿದ್ದ ಗದ್ದೆಗಳನ್ನು ಊರವರೇ ಇಳಿದು ನೆಟ್ಟರು. ಆ ಅಕ್ಕಿ 'ಕೇದಾರ ಕಜೆ' ಅಂತ ಮಾರಾಟ ಆಯಿತು. ಶಾಲೆ ಮಕ್ಕಳು, ಹಿರಿಯರು ಕೆಸರಿಗೆ ಇಳಿದದ್ದನ್ನು ನೋಡಿ ನನಗೆ ಕಣ್ಣು ತುಂಬಿತ್ತು. ಆದರೆ ಉತ್ಸಾಹದ ಮೇಲೆ ವರ್ಷ ವರ್ಷ ಬೇಸಾಯ ನಡೆಯುವುದಿಲ್ಲ. ಖರೀದಿಯನ್ನು ಅಕ್ಟೋಬರಿನಲ್ಲೇ ಶುರು ಮಾಡಿ, ಹೋಬಳಿಗೊಂದು ಒಣಗಿಸುವ ಯಂತ್ರ, ಸಣ್ಣ ಕುಚ್ಚಲಕ್ಕಿ ಮಿಲ್ಲು ಇಡಿ. ಉಳುವವನಿಗೆ, ನೆಡುವ ಹೆಂಗಸರಿಗೆ, ಮಿಲ್ಲಿನವರಿಗೆ, ಲಾರಿಯವನಿಗೆ, ಎಲ್ಲರಿಗೂ ಕೆಲಸ. ಬೈಹುಲ್ಲು ಊರಲ್ಲೇ ಸಿಕ್ಕಿದರೆ ದನ ಸಾಕುವವರೂ ಉಳಿಯುತ್ತಾರೆ.

ಬಂಟ್ವಾಳದ ಓದುಗಿ

ಬಸ್ಸಿನ ವಿಷಯ ಯಾರೂ ಬರೆದಿಲ್ಲ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ನಮ್ಮ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ನಾನು ಪೇಟೆಯ ಗೇರುಬೀಜ ಫ್ಯಾಕ್ಟರಿಗೆ ಹೋಗುತ್ತಿದ್ದೆ. ಎರಡು ಬಸ್ಸು ಹತ್ತಬೇಕು, ಸಂಜೆ ಕೊನೆಯ ಬಸ್ಸು ಆರಕ್ಕೆ. ಸಂಬಳದ ಒಂದು ಪಾಲು ಟಿಕೆಟಿಗೇ ಹೋಗುತ್ತಿತ್ತು. ಮಗು ಸಣ್ಣದಿತ್ತು, ಕೊನೆಗೆ ಬಿಟ್ಟೆ. ಮಕ್ಕಳನ್ನು ನೋಡಿಕೊಳ್ಳುವ ಪಂಚಾಯತಿನ ಕೂಸಿನ ಮನೆ ಆಗ ಇದ್ದಿದ್ದರೆ ಬಿಡುತ್ತಿರಲಿಲ್ಲವೋ ಏನೋ. ಕೆಲಸ ಸೃಷ್ಟಿ ಅಂದರೆ ಬಸ್ಸು ಮತ್ತು ಮಗು ನೋಡಿಕೊಳ್ಳುವ ಜಾಗವೂ ಸೇರಬೇಕು.

ನಿವೃತ್ತ ಬ್ಯಾಂಕಿನವ, ಉಡುಪಿ

ಸರ್ಕಾರವೇ ಕೊಳ್ಳುವುದು ಆಗದ ಮಾತಲ್ಲ. ಪಕ್ಕದ ಕೇರಳದಲ್ಲಿ ಅಂಗನವಾಡಿ ಮಕ್ಕಳಿಗೆ ಕೊಡುವ 'ಅಮೃತಂ' ಪುಡಿ ಮಾಡುವುದು ಕುಟುಂಬಶ್ರೀ ಹೆಂಗಸರ ಘಟಕಗಳು. ತಮಿಳುನಾಡಿನಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವುದು ಹೆಂಗಸರ ಸಹಕಾರ ಸಂಘಗಳು. ನಮ್ಮಲ್ಲೂ ಅಂಗನವಾಡಿಯ ಆಹಾರಕ್ಕೆ ತಾಲ್ಲೂಕು ಮಟ್ಟದಲ್ಲಿ ಹೆಂಗಸರೇ ನಡೆಸುವ ಆಹಾರ ತಯಾರಿ ಘಟಕ (ಎಂಎಸ್‌ಪಿಸಿ) ಉಂಟು. ದಾರಿ ಇದೆ. ಅದನ್ನು ಹೋಬಳಿಗೆ, ಪಂಚಾಯತಿಗೆ ಇಳಿಸಬೇಕು, ಸಾಮಾನಿನ ಪಟ್ಟಿ ಉದ್ದ ಮಾಡಬೇಕು. ಆ 12 ಟೈಲರ್‌ಗಳ ಪೈಕಿ ಹತ್ತು ಜನ ಸುಮ್ನೆ ಕೂತದ್ದು ಹೊಲಿಯಲು ಬಟ್ಟೆ ಬಾರದ್ದಕ್ಕೆ, ಅಲ್ವಾ?

ಕಾರ್ಕಳ ಕಡೆಯವಳು

ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಕೂತು ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಹಪ್ಪಳದ ಅಕ್ಕನ ಬಳೆಯ ವಿಷಯ ಬಂದಾಗ ಅವರು ತುಂಬ ಹೊತ್ತು ಮಾತಾಡಲಿಲ್ಲ.

ನಮ್ಮ ಪಂಚಾಯತಿನ ಒಳಗೆ ಎರಡು ಹಾಸ್ಟೆಲ್, ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಏಳು ಅಂಗನವಾಡಿ, ನಾಲ್ಕು ಶಾಲೆ ಇವೆ. ಇವರು ವರ್ಷಕ್ಕೆ ಎಂತೆಂತ ಕೊಳ್ಳುತ್ತಾರೆ, ಎಷ್ಟು ಕೊಳ್ಳುತ್ತಾರೆ ಅಂತ ಲೆಕ್ಕ ತೆಗೆಯಬೇಕು ಅಂತ ಮನಸ್ಸು ಮಾಡಿದ್ದೇನೆ. ಹಪ್ಪಳ, ಉಪ್ಪಿನಕಾಯಿ, ಸಾಂಬಾರು ಪುಡಿ, ಬೆಡ್‌ಶೀಟು, ಪರದೆ, ಚೀಲ, ತರಕಾರಿ, ಅಕ್ಕಿ. ಅದರ ಎದುರಿಗೆ ನಮ್ಮ ಹೆಂಗಸರಿಗೆ ಏನೇನು ಬರುತ್ತದೆ ಅಂತ ಇನ್ನೊಂದು ಪಟ್ಟಿ. ಎರಡನ್ನೂ ಹಿಡಿದುಕೊಂಡು ಗ್ರಾಮಸಭೆಗೆ ಹೋಗುತ್ತೇನೆ. ಬೆಳ್ತಂಗಡಿಯ ಅಣ್ಣ, ಅಲ್ಲಿ ಹೇಗೆ ಕೇಳಿದರೆ ಕೆಲಸ ಆಗುತ್ತದೆ?

ಬೆಳ್ತಂಗಡಿ ತಾಲ್ಲೂಕಿನ ಪಂಚಾಯತ್ ಸದಸ್ಯ

ಬಾಯಲ್ಲಿ ಹೇಳಿ ಬರಬೇಡಿ ತಂಗಿ. ಎರಡು ಪ್ರತಿ ಬರೆದುಕೊಂಡು ಹೋಗಿ, ಒಂದಕ್ಕೆ ಸೀಲು ಹಾಕಿಸಿಕೊಳ್ಳಿ. ಮೊದಲು ವಾರ್ಡು ಸಭೆಯಲ್ಲಿ ಬರೆಸಿ. ಗ್ರಾಮಸಭೆಯ ದಿನ ನಡಾವಳಿ ಪುಸ್ತಕದಲ್ಲಿ ನಿಮ್ಮ ವಿಷಯ ಬಂದಿದೆಯಾ ಅಂತ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಒಬ್ಬರೇ ಹೋಗಬೇಡಿ, ಬೀಡಿ ಕಟ್ಟುವ ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಹೋಗಿ. ಸಭೆ ಸಾಧಾರಣ ಹನ್ನೊಂದು ಗಂಟೆಗೆ ಇಡುತ್ತಾರೆ, ಬ್ರಾಂಚಿಗೆ ಹೋಗುವ ಹೊತ್ತೂ ಅದೇ. ಮಧ್ಯಾಹ್ನದ ಮೇಲೆ ಇಡಲು ಪಿಡಿಒ ಅವರಿಗೆ ಮೊದಲೇ ಬರೆದು ಕೊಡಿ.

ಆ ಹಾಸ್ಟೆಲ್ ಲೆಕ್ಕ ಸಿಕ್ಕಿದರೆ ಇಲ್ಲಿ ಹಾಕಿ. ನಮ್ಮ ಪಂಚಾಯತಿನಲ್ಲೂ ನಾನು ಅದನ್ನೇ ತೆಗೆಯಲು ಶುರು ಮಾಡುತ್ತೇನೆ.

ಹಪ್ಪಳದ ಅಕ್ಕ, ಪುತ್ತೂರು

ತಂಗಿ, ಹಾಸ್ಟೆಲಿನ ಒಬ್ಬ ಹುಡುಗನಿಗೆ ತಿಂಗಳಿಗೆ ಎಷ್ಟು ಹಪ್ಪಳ ಬೇಕಾಗುತ್ತದೆ, ಒಂದು ಕಟ್ಟು ಹಪ್ಪಳಕ್ಕೆ ಎಷ್ಟು ಖರ್ಚು ಬೀಳುತ್ತದೆ ಎಂಬ ಲೆಕ್ಕ ನನ್ನ ಪುಸ್ತಕದಲ್ಲಿ ಉಂಟು. ಭಾನುವಾರ ಬಿಡುವು, ಆಗ ಬರೆದು ಹಾಕುತ್ತೇನೆ. ಅಮ್ಮನಿಗೆ ಹೇಳಿ, ಹಿಟ್ಟಿನ ಹದ ಕಲಿಸಲು ನಾನೇ ಬರುತ್ತೇನೆ.